ಊರು ಮುಳುಗಿತು, ಜಾತ್ರೆ ಉಳಿಯಿತು

ಹೊಸಪೇಟೆಯ ಬಳಿ ನಾರಾಯಣದೇವರಕೆರೆ ಎಂಬ ಊರಿತ್ತು. ಕೋಟೆ ಇದ್ದ, ಗುಡಿಗಳಿದ್ದ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದಾಗ ಅದು ಮುಳುಗಿಹೋಯಿತು. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡಿದ್ದ ಊರನ್ನು ಮತ್ತೊಂದು ದೊಡ್ಡ ಕೆರೆ ನುಂಗಿತು. ಅಲ್ಲಿನ ಬಹುಪಾಲು ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಚಿತ್ರದುರ್ಗದ ಹೆದ್ದಾರಿಯಲ್ಲಿ ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟವರಿಗೆ ಸಿಗುವ ಊರು ಇದು. ಜನರ ಜೊತೆಗೆ ಅವರ ದೇವರೂ ಬಂದರು.

ಪ್ರತಿವರ್ಷ ರಾಮನವಮಿಗೆ ಮರಿಯಮ್ಮನಹಳ್ಳಿಯಲ್ಲಿ ಲಕ್ಷ್ಮೀನಾರಾಯಣ ಮತ್ತು ಆಂಜನೇಯ ದೇವರ ಜೋಡಿ ರಥೋತ್ಸವ ನಡೆಯುತ್ತದೆ. ಆ ದಿನ ಊರಿನ ಮನೆಗಳನ್ನು ನೋಡಬೇಕು. ನಾಲ್ಕು ಜನ ಇರುವ ಮನೆಯಲ್ಲಿ ನಲವತ್ತು ಜನ. ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು, ಬೆಂಗಳೂರು ಸೇರಿದ ಮೊಮ್ಮಕ್ಕಳು, ಎಲ್ಲರೂ ಬಂದಿರುತ್ತಾರೆ. ಅವರಲ್ಲಿ ಯಾರಿಗೂ ಆಮಂತ್ರಣ ಪತ್ರಿಕೆ ಹೋಗಿರುವುದಿಲ್ಲ. ಜಾತ್ರೆಗೆ ತಮ್ಮವರು ಬಂದೇ ಬರುತ್ತಾರೆ ಎಂದು ಮನೆಯವರಿಗೆ ಗೊತ್ತು. ಹೋಗದೆ ಇರುವುದು ಹೇಗೆ ಎಂದು ಬರುವವರಿಗೂ ಗೊತ್ತು.

ಇಂದು ದೊಡ್ಡ ಕುಟುಂಬವೊಂದು ಒಂದೆಡೆ ಸೇರಬೇಕೆಂದರೆ ಎಷ್ಟೊಂದು ಏರ್ಪಾಟು ಬೇಕಾಗುತ್ತದೆ! ಎಲ್ಲರಿಗೂ ಒಪ್ಪುವ ದಿನ ಯಾವುದು, ಇಳಿದುಕೊಳ್ಳಲು ಜಾಗ ಎಲ್ಲಿ, ಅಡುಗೆ ಯಾರದು, ಯಾರನ್ನು ಕರೆಯಬೇಕು, ಯಾರನ್ನು ಬಿಟ್ಟರೆ ಸಿಟ್ಟಾಗುತ್ತಾರೆ? ಈ ಪ್ರಶ್ನೆಗಳಿಗೆ ಕೆರೆಯೂ ಗುಡ್ಡವೂ ಕೂಡಿದ ಈ ಸೀಮೆಯಲ್ಲಿ, ಅಂದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸುತ್ತ, ನೂರಾರು ವರ್ಷಗಳಿಂದ ಒಂದು ಸಿದ್ಧ ಉತ್ತರ ಇತ್ತು. ಆ ಉತ್ತರವೇ ಜಾತ್ರೆ. ಅದನ್ನು ಭಕ್ತಿಯ ಆಚರಣೆ ಎಂದಷ್ಟೇ ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಉಳಿದರ್ಧ ನೆಂಟಸ್ತಿಕೆಯ ವ್ಯವಸ್ಥೆ. ಆ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು ಊರುಗಳೇ ಮುಳುಗಿದಾಗ.

ಅರಸರ ಕೂಟ

ಈ ನೆಲದಲ್ಲಿ ನಡೆದ ಅತ್ಯಂತ ದೊಡ್ಡ ಕೂಟಗಳ ವಿವರ ನಮಗೆ ಸಿಗುವುದು ವಿಜಯನಗರದ ಕಾಲದಿಂದ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ತಿಂಗಳುಗಟ್ಟಲೆ ದಾರಿಯ ದೂರದಲ್ಲಿದ್ದ ನಾಯಕರಿಗೂ ರಾಜಧಾನಿಗೆ ಬರುವಂತೆ ಅಪ್ಪಣೆಯಾಗುತ್ತಿತ್ತು. ಅವರು ತಮ್ಮ ಆನೆ, ಪರಿವಾರಗಳೊಂದಿಗೆ ಬಂದು ಸೇರುತ್ತಿದ್ದರು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಒಂಬತ್ತು ದಿನಗಳ ಉತ್ಸವವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಆತನ ನಂತರ ಬಂದ ನೂನಿಜ್ ಲೆಕ್ಕದ ಮನುಷ್ಯ. ನಾಯಕರು ಅರಸನಿಗೆ ಕಪ್ಪ ಒಪ್ಪಿಸುತ್ತಿದ್ದುದು ಈ ಒಂಬತ್ತು ದಿನಗಳಲ್ಲೇ ಎಂಬುದನ್ನು ಗುರುತಿಸಿದವನು ಅವನು.

ಹಾಗಾಗಿ ಮಹಾನವಮಿ ಅರಸೊತ್ತಿಗೆಯ ಮಟ್ಟಿಗೆ ವರ್ಷದ ಲೆಕ್ಕ ಚುಕ್ತಾ ಮಾಡುವ ದಿನವೂ ಹೌದು, ಯಾರು ತನ್ನ ಕಡೆ ಇದ್ದಾರೆ, ಯಾರು ದೂರ ಸರಿದಿದ್ದಾರೆ ಎಂದು ಕಣ್ಣಳತೆಯಲ್ಲೇ ತಿಳಿದುಕೊಳ್ಳುವ ದಿನವೂ ಹೌದು. ಬಾರದೆ ಉಳಿದವನ ಮೇಲೆ ಅನುಮಾನ ಬೀಳುತ್ತಿತ್ತು. ಇಂದಿನ ಮದುವೆ ಮನೆಗಳಲ್ಲೂ ಇದೇ ಲೆಕ್ಕಾಚಾರ ನಡೆಯುವುದಿಲ್ಲವೇ?

ಅಷ್ಟು ಜನ, ಅಷ್ಟು ದನ, ಆನೆ, ಕುದುರೆಗಳಿಗೆ ನೀರೆಲ್ಲಿಂದ? ಒಣ ಸೀಮೆಯ ಈ ರಾಜಧಾನಿ ನಿಂತದ್ದೇ ಕೆರೆ ಕಾಲುವೆಗಳ ಮೇಲೆ. ಕಮಲಾಪುರದ ಕೆರೆ ಇಂದಿಗೂ ಕಣ್ಣೆದುರಿಗಿದೆ. ಹೊಸಪೇಟೆಯ ಬಳಿ ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸವನ್ನು ಪಾಯೆಸ್ ನೋಡಿದ್ದ. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದರು ಎನ್ನುತ್ತಾನೆ. ಕೆಲಸಕ್ಕೆ ನೆರವಾದವನು ಜೊವಾವೊ ಡೆಲ್ಲಾ ಪೊಂಟೆ ಎಂಬ ಪೋರ್ಚುಗೀಸ್ ಕಸಬುದಾರ ಎಂದು ನೂನಿಜ್ ತಿಳಿಸುತ್ತಾನೆ. ಜನ ಅದನ್ನು ರಾಯರ ಕೆರೆ ಎಂದೇ ಕರೆದರು. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ, ರಾಯನ ತಾಯಿ ನಾಗಲಾಂಬಿಕೆಯ ನೆನಪಿನದು. ಪಕ್ಕದಲ್ಲೇ ರಾಣಿಯ ಹೆಸರಿನ ತಿರುಮಲಾದೇವಿ ಪಟ್ಟಣವೂ ಇತ್ತು. ಅರಸರೂ ತಮ್ಮ ಮನೆಯವರ ಹೆಸರನ್ನು ನೆಲದ ಮೇಲೆ ಬರೆದಿಡಲು ಬಯಸಿದವರೇ.

1565ರಲ್ಲಿ ರಾಜಧಾನಿ ಹಾಳಾಯಿತು. ಅಪ್ಪಣೆ ಕಳುಹಿಸುವವರಿಲ್ಲದೆ ಅಪ್ಪಣೆಯ ಮೇಲೆ ನಡೆಯುತ್ತಿದ್ದ ಕೂಟವೂ ಹಂಪಿಯಲ್ಲಿ ನಿಂತಿತು. ಮಹಾನವಮಿ ದಿಬ್ಬ ಮಾತ್ರ ಉಳಿಯಿತು. ಆದರೆ ಅಪ್ಪಣೆಯಿಲ್ಲದೆ ಜನ ತಾವಾಗಿ ಸೇರುತ್ತಿದ್ದ ವಿರೂಪಾಕ್ಷನ ಜಾತ್ರೆ ನಿಲ್ಲಲಿಲ್ಲ.

ದೇವರ ಮದುವೆ, ಮನುಷ್ಯರ ಲೆಕ್ಕ

ಹಂಪಿಯ ಜಾತ್ರೆ ಎಂದರೆ ಪಂಪಾದೇವಿ ಮತ್ತು ವಿರೂಪಾಕ್ಷನ ಮದುವೆ. ಮನುಷ್ಯರ ಮನೆಯ ಮದುವೆಯಂತೆಯೇ ಇದಕ್ಕೂ ನಿಶ್ಚಿತಾರ್ಥವಿದೆ. ಮಾರ್ಗಶಿರ ಮಾಸದಲ್ಲಿ ಹೊಳೆಯ ದಂಡೆಯ ಕೋದಂಡರಾಮ ದೇವಸ್ಥಾನದ ಬಳಿ ಫಲಪೂಜೆ ನಡೆಯುತ್ತದೆ. ಅದು ನಿಶ್ಚಯ. ಮದುವೆ ಮತ್ತು ತೇರು ಚೈತ್ರದಲ್ಲಿ. ನಡುವೆ ನಾಲ್ಕು ತಿಂಗಳ ಅಂತರ.

ಈ ನಾಲ್ಕು ತಿಂಗಳು ಏಕೆ ಎಂದು ರೈತನನ್ನು ಕೇಳಿದರೆ ಅವನದೇ ಉತ್ತರ ಸಿಗುತ್ತದೆ. ಫಲಪೂಜೆಯ ಹೊತ್ತಿಗೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಇನ್ನೂ ನಿಂತಿರುತ್ತದೆ. ತೇರಿನ ಹೊತ್ತಿಗೆ ಕೊಯ್ಲು, ಕಣ, ರಾಶಿ ಎಲ್ಲ ಮುಗಿದು ಜೋಳ ಮನೆ ಸೇರಿರುತ್ತದೆ. ಎತ್ತುಗಳಿಗೆ ಬಿಡುವು, ಕೈಯಲ್ಲಿ ನಾಲ್ಕು ಕಾಸು. ರೋಹಿಣಿ ಮಳೆ ಬಿದ್ದರೆ ಮತ್ತೆ ಹೊಲ ಕರೆಯುತ್ತದೆ. ಆ ಬಿಡುವಿನಲ್ಲೇ ಈ ಸೀಮೆಯ ದೊಡ್ಡ ಜಾತ್ರೆಗಳೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಭಾರತ ಹುಣ್ಣಿಮೆಯ ಸುತ್ತ ಮೈಲಾರ, ಮಾಘ ಬಹುಳದಲ್ಲಿ ಕೊಟ್ಟೂರು, ರಾಮನವಮಿಗೆ ಮರಿಯಮ್ಮನಹಳ್ಳಿ, ಚೈತ್ರದ ಹುಣ್ಣಿಮೆಗೆ ಹಂಪಿ, ಬೇಸಿಗೆಯ ಕೊನೆಗೆ ಹೊಳೆಯಾಚೆಯ ಹುಲಿಗಿ. ಒಂದು ಜಾತ್ರೆಯಲ್ಲಿ ಕಾಣದ ನೆಂಟರು ಮುಂದಿನ ಜಾತ್ರೆಯಲ್ಲಿ ಸಿಗುತ್ತಿದ್ದರು.

ತಿಥಿಯ ಲೆಕ್ಕದಲ್ಲಿ ಮತ್ತೊಂದು ಅನುಕೂಲವಿದೆ. ಈ ಜಾತ್ರೆಗಳಲ್ಲಿ ಹಲವು ಹುಣ್ಣಿಮೆಗೆ ಅಂಟಿಕೊಂಡಿವೆ. ಬೇಸಿಗೆಯ ಬಿಸಿಲಲ್ಲಿ ಹಗಲು ಬಂಡಿ ಹೂಡಿದರೆ ಎತ್ತು ಬಳಲುತ್ತವೆ. ಬೆಳದಿಂಗಳಲ್ಲಿ ಹೊರಟರೆ ಬೆಳಗಾಗುವಷ್ಟರಲ್ಲಿ ಹೊಳೆ ದಂಡೆ. ಓದುಬರಹ ಬಾರದ ಮನೆಗೂ ಚಂದ್ರನೇ ಪಂಚಾಂಗ. ಹೀಗಾಗಿ ದಿನಾಂಕ ಗೊತ್ತುಮಾಡುವ ತಂಟೆಯೇ ಇರಲಿಲ್ಲ. ಯಾವ ಅಣ್ಣನೂ ತಮ್ಮನೂ ನನಗೆ ಆ ದಿನ ಆಗುವುದಿಲ್ಲ ಎನ್ನುವಂತಿರಲಿಲ್ಲ. ದಿನ ಗೊತ್ತುಮಾಡಿದವರು ಮನೆಯವರಲ್ಲವಾದ್ದರಿಂದ ಅದರ ಮೇಲೆ ಮುನಿಸಿಗೂ ಎಡೆಯಿರಲಿಲ್ಲ.

ಇಳಿದುಕೊಳ್ಳಲು ಬಂಡಿಯ ಕೆಳಗಿನ ನೆರಳು, ಮರದ ಬುಡ, ಗುಡಿಯ ಸಾಲುಮಂಟಪ ಸಾಕಾಗುತ್ತಿತ್ತು. ಊಟಕ್ಕೆ ಮನೆಯಿಂದ ಕಟ್ಟಿ ತಂದ ಬುತ್ತಿ: ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಹೊಳೆದಂಡೆಯಲ್ಲಿ ಮೂರು ಕಲ್ಲು ಹೂಡಿದರೆ ಒಲೆ. ನಾಲ್ಕು ಮನೆಯ ಬುತ್ತಿ ಬಿಚ್ಚಿ ಒಂದೇ ಕಡೆ ಕುಳಿತರೆ ಅದೇ ಪಂಕ್ತಿ. ಹುಡುಗರಿಗೆ ಮಂಡಕ್ಕಿ ಮಿರ್ಚಿ, ಹೆಣ್ಣುಮಕ್ಕಳಿಗೆ ಬಳೆ, ಹಿರಿಯರಿಗೆ ಮಾತು. ಹೆಣ್ಣು ನೋಡುವ, ಗಂಡು ನೋಡುವ ಕೆಲಸವೂ ಗದ್ದಲವಿಲ್ಲದೆ ಅಲ್ಲೇ ಮುಗಿಯುತ್ತಿತ್ತು. ತವರಿಗೆ ಕರೆಸಿಕೊಳ್ಳುವ ಅನುಕೂಲವಿಲ್ಲದ ಮನೆಯವರೂ ಕೊಟ್ಟ ಮಗಳ ಮುಖವನ್ನು ಜಾತ್ರೆಯಲ್ಲಿ ನೋಡುತ್ತಿದ್ದರು. ತೇರಿನ ಹಗ್ಗ ಹಿಡಿಯುವುದಕ್ಕಿಂತ ತಾಯಿಯ ಕೈ ಹಿಡಿಯಲೆಂದೇ ಬಂದ ಹೆಣ್ಣುಮಕ್ಕಳು ಎಷ್ಟು ಮಂದಿಯೋ!

ಒಂದು ಮನೆ, ಮೂರು ಸರ್ಕಾರ

ಈ ಕೂಟಗಳಿಗೆ ಮತ್ತೊಂದು ಮಹತ್ವ ಇತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಈ ನಾಲ್ಕು ಊರುಗಳ ಸುತ್ತಳತೆಯಲ್ಲಿ ಮೂರು ಸರ್ಕಾರಗಳಿದ್ದವು. ಹೊಸಪೇಟೆ, ಹಂಪಿ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿ, ಕೊಪ್ಪಳ ಹೈದರಾಬಾದ್ ನಿಜಾಮನವು. ಗುಡ್ಡಗಳ ನಡುವಿನ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ನೆಂಟಸ್ತಿಕೆ ಮಾತ್ರ ಈ ಗಡಿಗಳನ್ನು ಲೆಕ್ಕಿಸಿರಲಿಲ್ಲ. ಕಂಪ್ಲಿಯ ಹೆಣ್ಣು ಹರಿಗೋಲಿನಲ್ಲಿ ಕುಳಿತು ಗಂಗಾವತಿಯ ಕಡೆಗೆ ಸೊಸೆಯಾಗಿ ಹೋದರೆ ಅವಳು ಬೇರೆ ರಾಜ್ಯದ ಪ್ರಜೆ. ಅಲ್ಲಿ ಕಚೇರಿಯ ಭಾಷೆ ಉರ್ದು, ನಾಣ್ಯ ನಿಜಾಮನ ಹಾಲಿ ಸಿಕ್ಕಾ. ತವರಿನವರು ಮಾಡುವ ಮುಯ್ಯಿಯ ರೂಪಾಯಿ ಬೇರೆ, ಗಂಡನ ಮನೆಯ ರೂಪಾಯಿ ಬೇರೆ.

1947-48ರ ರಜಾಕಾರರ ಹಾವಳಿಯಲ್ಲಿ ಎಡದಂಡೆಯ ಎಷ್ಟೋ ಕುಟುಂಬಗಳು ಹೊಳೆ ದಾಟಿ ಬಲದಂಡೆಯ ನೆಂಟರ ಮನೆಗಳಿಗೆ ಬಂದವು. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮುಖ ನೋಡಿ ಉಳಿಸಿಕೊಂಡ ನೆಂಟಸ್ತಿಕೆಗೆ ಕಷ್ಟಕಾಲದಲ್ಲಿ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1949ರಲ್ಲಿ ಸಂಡೂರು ಮದ್ರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು. 1956ರ ನವೆಂಬರ್ 1ರಂದು ಎಡದಂಡೆಯೂ ಕೂಡಿಕೊಂಡು ಹೊಳೆಯ ಎರಡೂ ದಡ ಒಂದೇ ರಾಜ್ಯವಾದವು. ಭೂಪಟ ಎಂಟು ವರ್ಷ ತೆಗೆದುಕೊಂಡು ಮಾಡಿದ ಈ ಕೆಲಸವನ್ನು ಜಾತ್ರೆಗಳು ಪ್ರತಿ ಬೇಸಿಗೆಯಲ್ಲಿ ಸದ್ದಿಲ್ಲದೆ ಮಾಡುತ್ತಿದ್ದವು. ಗಡಿ ಎಳೆಯುವುದು ಆಡಳಿತಕ್ಕೆ ಅನಿವಾರ್ಯ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲಿವೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ತೇರಿಗೆ ಬರುವವರು ಇದನ್ನು ಕೇಳುವುದೇ ಇಲ್ಲ.

ಯಾರನ್ನು ಕರೆಯಬೇಕು?

ದೊಡ್ಡ ಕುಟುಂಬದ ಕೂಟದಲ್ಲಿ ನಿಜವಾದ ತೊಡಕು ಊಟದ್ದಲ್ಲ, ಪಟ್ಟಿಯದು. ಮೂರು ತಲೆಮಾರು ಕಳೆದರೆ ಯಾರು ಯಾರಿಗೆ ಏನಾಗಬೇಕು ಎಂಬುದು ಮರೆತುಹೋಗುತ್ತದೆ. ಇದಕ್ಕೂ ನಮ್ಮಲ್ಲಿ ಒಂದು ವ್ಯವಸ್ಥೆ ಇತ್ತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ನಂತರ ಎತ್ತು ಏರಿ ಬರುತ್ತಿದ್ದ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಹೇಳುತ್ತಿದ್ದರು. ಮೂಲ ಊರು ಯಾವುದು, ಯಾವ ಅಣ್ಣ ಎಲ್ಲಿಗೆ ಹೋಗಿ ನೆಲೆಸಿದ, ಯಾರಿಗೆ ಎಷ್ಟು ಮಕ್ಕಳು, ಎಲ್ಲವೂ ಅವರ ಬಾಯಲ್ಲಿತ್ತು, ಪುಸ್ತಕದಲ್ಲಿತ್ತು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿ, ಕಾಳು ಕಡಿ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಕಂದಾಯ ಇಲಾಖೆಯ ದಫ್ತರಿನಲ್ಲಿ ಹೊಲದ ಲೆಕ್ಕ ಸಿಕ್ಕೀತು. ಮನುಷ್ಯರ ಲೆಕ್ಕ ಇದ್ದದ್ದು ಹೆಳವರ ಪುಸ್ತಕದಲ್ಲಿ.

ದೇವರುಗಳಿಗೂ ಒಡಹುಟ್ಟಿದವರಿದ್ದಾರೆ ಎಂಬುದು ಈ ಸೀಮೆಯ ನಂಬಿಕೆ. ಹೊಸಪೇಟೆಯ ಏಳು ಕೇರಿಗಳಿಗೆ ಬೇರೆ ಬೇರೆ ಶಕ್ತಿದೇವತೆಗಳಿದ್ದಾರೆ. ವಿಜಯದಶಮಿಯ ದಿನ ಆ ದೇವತೆಗಳ ಪಲ್ಲಕ್ಕಿಗಳು ಊರ ಹೊರಗಿನ ನಾಗೇನಹಳ್ಳಿಯ ಬಳಿ ಧರ್ಮದ ಗುಡ್ಡಕ್ಕೆ ಹೋಗಿ ಸೇರುತ್ತವೆ. ವರ್ಷವಿಡೀ ತಂತಮ್ಮ ಕೇರಿಯಲ್ಲಿದ್ದ ದೇವತೆಗಳು ಒಂದು ದಿನ ಗುಡ್ಡದ ನೆತ್ತಿಯಲ್ಲಿ ಒಟ್ಟಾಗುವುದನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ವರ್ಷದ ಮುನಿಸು ಕಳೆಯಲು ಇಷ್ಟು ಸುಲಭದ ಉಪಾಯ ಬೇರೊಂದಿಲ್ಲ. ಬನ್ನಿ ಕೊಡಲು ಬಂದವನಿಗೆ ಬೆನ್ನು ತಿರುಗಿಸುವಂತಿಲ್ಲವಲ್ಲ!

ಹಳೆಯದೆಲ್ಲ ಚಂದವಿತ್ತು ಎಂದು ಇದರ ಅರ್ಥವಲ್ಲ. ಜಾತ್ರೆ ಎಲ್ಲರನ್ನೂ ಕರೆಯುತ್ತಿತ್ತು, ಆದರೆ ಎಲ್ಲರನ್ನೂ ಒಂದೇ ಕಡೆ ಕೂರಿಸುತ್ತಿರಲಿಲ್ಲ. ದಲಿತರು ತೇರಿನ ಕೆಲಸಕ್ಕೆ ಬೇಕಾಗಿದ್ದರು, ಗುಡಿಯ ಒಳಗೆ ಬೇಡವಾಗಿದ್ದರು. ಈ ಭಾಗದ ಕೆಲವು ಜಾತ್ರೆಗಳಲ್ಲಿ ಬಡ ಮನೆಗಳ ಹುಡುಗಿಯರನ್ನು ಬಸವಿ ಬಿಡುತ್ತಿದ್ದರು. ನೂರು ಮನೆಗಳು ಕೂಡುವ ದಿನವೇ ಒಂದು ಹೆಣ್ಣುಮಗಳು ಸಂಸಾರದಿಂದ ಹೊರಬೀಳುವ ದಿನವೂ ಆಗುತ್ತಿತ್ತು. 1947ರಲ್ಲಿ ಮದ್ರಾಸ್ ಸರ್ಕಾರ, 1982ರಲ್ಲಿ ಕರ್ನಾಟಕ ಸರ್ಕಾರ ಇದನ್ನು ತಡೆಯಲು ಕಾಯ್ದೆ ತಂದವು. ಸಂಡೂರಿನ ಗುಡ್ಡದ ಮೇಲಿನ ಕುಮಾರಸ್ವಾಮಿಯ ಜಾತ್ರೆ ಮೂರು ವರ್ಷಕ್ಕೊಮ್ಮೆ, ಕಾರ್ತಿಕದ ಹುಣ್ಣಿಮೆಗೆ. ದೂರದವರಿಗೆ ಹೊಂದಿಸಿಕೊಳ್ಳಲು ಬೇಕಾದಷ್ಟು ಸಮಯ. ಆದರೆ ಹೆಂಗಸರು ಆ ದೇವರ ದರ್ಶನ ಮಾಡಬಾರದು ಎಂಬುದು ಅಲ್ಲಿನ ಹಳೆಯ ಕಟ್ಟಳೆ. ಹಾಗಾಗಿ ಕುಟುಂಬದ ಅರ್ಧ ಮಂದಿ ಹೊರಗೇ ನಿಲ್ಲಬೇಕಾಗಿತ್ತು. ಅದೇ ಸಂಡೂರು 1932ರಲ್ಲಿ ತನ್ನ ದೇವಾಲಯಗಳನ್ನು ಹರಿಜನರಿಗೆ ತೆರೆದದ್ದನ್ನೂ ನೆನೆಯಬೇಕು. ಯಾರನ್ನು ಕರೆಯಬೇಕು ಎಂಬ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಲೇ ಬಂದಿದೆ. ತಿದ್ದಿಕೊಂಡ ಜಾತ್ರೆಗೇ ಮುಂದಿನ ತಲೆಮಾರು ಮನಸ್ಸಿಟ್ಟು ಬರುತ್ತದೆ.

ನೀರು ಬಂದ ವರ್ಷ

ತುಂಗಭದ್ರೆಗೆ ಅಣೆ ಕಟ್ಟುವ ಮಾತು ಹುಟ್ಟಿದ್ದು 1860ರಲ್ಲಿ, ಸರ್ ಆರ್ಥರ್ ಕಾಟನ್‌ನ ಕಾಲದಲ್ಲಿ. ಮಾತು ಕೆಲಸಕ್ಕೆ ಇಳಿಯಲು ಎಂಬತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೊಳೆಯ ಎರಡು ದಡ ಎರಡು ಸರ್ಕಾರದ್ದಾದ್ದರಿಂದ ಶಂಕುಸ್ಥಾಪನೆಯೂ ಎರಡು! 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ನಿಜಾಮನ ಮಗ ಬೇರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಕಲ್ಲು ಇಟ್ಟರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. 33 ಗೇಟುಗಳ ಈ ಅಣೆಕಟ್ಟಿನ ಹಿಂದೆ ತುಂಬಿದಾಗ ನೀರು ಹರಡುವುದು 378 ಚದರ ಕಿಲೊಮೀಟರ್. ಮುಳುಗಡೆಗೆ ಸಿಕ್ಕಿದವು ಸುಮಾರು 90 ಹಳ್ಳಿಗಳು, ನೆಲೆ ಕಳೆದುಕೊಂಡವರು 50 ಸಾವಿರಕ್ಕೂ ಹೆಚ್ಚು ಜನ.

ಕ್ಷಾಮಕ್ಕೆ ಹೆಸರಾಗಿದ್ದ ಬಳ್ಳಾರಿ, ರಾಯಚೂರು ಸೀಮೆಗಳಿಗೆ ಈ ನೀರು ಅನ್ನ ಕೊಟ್ಟಿತು ಎಂಬುದರಲ್ಲಿ ಎರಡು ಮಾತಿಲ್ಲ. ಗಂಗಾವತಿಯ ಭತ್ತ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮುಳುಗಿದ ಹಳ್ಳಿಯವರಿಗೆ ಆದ ನಷ್ಟವನ್ನು ಎಕರೆಯಲ್ಲಿ ಮಾತ್ರ ಅಳೆಯಲಾಗದು. ಹೊಲಕ್ಕೆ, ಮನೆಗೆ ಬೆಲೆ ಕಟ್ಟಬಹುದು. ಪಕ್ಕದ ಮನೆಗೆ ಬೆಲೆ ಕಟ್ಟುವುದು ಹೇಗೆ? ಒಂದೇ ಓಣಿಯಲ್ಲಿದ್ದ ನಾಲ್ಕು ಮನೆಯವರು ನಾಲ್ಕು ದಿಕ್ಕಿಗೆ ಹೋದರು. ಒಬ್ಬರು ಹೊಸ ಊರಿಗೆ, ಒಬ್ಬರು ಬೀಗರ ಊರಿಗೆ, ಒಬ್ಬರು ಹೊಸಪೇಟೆಗೆ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ. ಗಂಡನ ಮನೆಯಲ್ಲಿ ಕುಳಿತವಳಿಗೆ ತವರಿನವರು ಉಳಿದರೂ ತವರೂರು ಇಲ್ಲವಾಯಿತು.

ಊರನ್ನು ಎತ್ತಿ ಒಯ್ಯಲು ಬರುವುದಿಲ್ಲ. ಒಯ್ಯಬಹುದಾದದ್ದು ಏನು? ಜಂತಿ, ಬಾಗಿಲು, ಒಳಕಲ್ಲು, ದನಕರು, ದೇವರು. ದೇವರ ಜೊತೆಗೆ ಕಣ್ಣಿಗೆ ಕಾಣದ ಒಂದು ವಸ್ತುವೂ ಬಂತು. ಅದು ಜಾತ್ರೆಯ ತಿಥಿ. ಗುಡಿಯ ಜಾಗ ಬದಲಾಯಿತು, ತೇರು ಎಳೆಯುವ ಬೀದಿ ಬದಲಾಯಿತು. ರಾಮನವಮಿ ರಾಮನವಮಿಯಾಗಿಯೇ ಉಳಿಯಿತು. ಚದುರಿಹೋದವರಿಗೆ ಹೊಸ ಊರಿನ ವಿಳಾಸ ಗೊತ್ತಿರಲಿಲ್ಲ ಎಂದಿಟ್ಟುಕೊಳ್ಳಿ, ದಿನ ಗೊತ್ತಿತ್ತು. ಆ ದಿನ ತೇರಿನ ಬಳಿ ಹೋದರೆ ಹಳೆಯ ಓಣಿಯೇ ಎದುರಿಗೆ ನಿಂತಿರುತ್ತಿತ್ತು. ಜಾಗದ ಮೇಲೆ ನಿಂತ ಕೂಟವಾಗಿದ್ದರೆ ಅದು ನೀರಿನಲ್ಲಿ ಮುಳುಗುತ್ತಿತ್ತು. ದಿನದ ಮೇಲೆ ನಿಂತ ಕೂಟವಾದ್ದರಿಂದ ಉಳಿಯಿತು.

ಮರಿಯಮ್ಮನಹಳ್ಳಿ ಮುಂದೆ ರಂಗಭೂಮಿಗೂ ಹೆಸರಾಯಿತು. ವೃತ್ತಿರಂಗಭೂಮಿಯ ಕಲಾವಿದೆಯರ ಊರೆಂದೇ ಅದನ್ನು ಗುರುತಿಸುತ್ತಾರೆ. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಆಯ್ಕೆಯಾದ ಮಂಜಮ್ಮ ಜೋಗತಿಯವರ ನೆಲೆಯೂ ಇದೇ ಊರು. ಬೇರು ಕಿತ್ತು ನೆಟ್ಟ ಜನ ಹೊಸ ನೆಲದಲ್ಲಿ ಹಾಡು ನಾಟಕ ಕಟ್ಟಿಕೊಂಡದ್ದು ಸಣ್ಣ ಸಂಗತಿಯಲ್ಲ.

ಬೇಸಿಗೆಯಲ್ಲಿ ಮೇಲೇಳುವ ಕೋಟೆ

ಜಾತ್ರೆಯ ಕಾಲಕ್ಕೂ ಜಲಾಶಯಕ್ಕೂ ಒಂದು ವಿಚಿತ್ರ ಹೊಂದಾಣಿಕೆ ಇದೆ. ರಾಮನವಮಿಯ ಹೊತ್ತಿಗೆ ಕಾಲುವೆಗಳಿಗೆ ನೀರು ಹರಿದು ಹರಿದು ಹಿನ್ನೀರು ತಗ್ಗಿರುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ನಾರಾಯಣದೇವರಕೆರೆಯ ಕೋಟೆಯ ಗೋಡೆಗಳು ಕೆಸರಿನಿಂದ ಮೇಲೇಳುತ್ತವೆ. ಜನ ನಡೆದುಹೋಗಿ ನೋಡಿ ಬರುತ್ತಾರೆ. ಬಿರುಕುಬಿಟ್ಟ ನೆಲದ ಮೇಲೆ ನಿಂತು ಇಲ್ಲಿ ನಮ್ಮ ಮನೆ ಇತ್ತು, ಅಲ್ಲಿ ಗುಡಿ ಇತ್ತು ಎಂದು ತೋರಿಸುವವರು ಒಂದು ಕಾಲಕ್ಕೆ ಬಹಳ ಮಂದಿ ಇದ್ದರು. ನೀರು ಬಂದ ವರ್ಷ ಇಪ್ಪತ್ತು ತುಂಬಿದ್ದವರಿಗೆ ಈಗ ತೊಂಬತ್ತು ದಾಟಿದೆ. ತೋರಿಸುವ ಬೆರಳುಗಳು ಕಡಿಮೆಯಾಗುತ್ತಿವೆ. ಆಪತ್ತು ಇರುವುದು ಇಲ್ಲಿ. ಗೋಡೆ ಮುಂದಿನ ಬೇಸಿಗೆಯಲ್ಲೂ ಕಂಡೀತು. ಅದು ಯಾರ ಗೋಡೆ ಎಂದು ಹೇಳುವವರು ಇರಲಿಕ್ಕಿಲ್ಲ.

ಮುಳುಗಿಸಿದ ಕೆರೆಗೂ ವಯಸ್ಸಾಗಿದೆ. ಮೊದಲು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಕೆಳಗಿನ ಕಂಪ್ಲಿಯವರೆಗೂ ಜನ ನಿದ್ದೆಗೆಟ್ಟರು. ವಾರದೊಳಗೆ ಕಬ್ಬಿಣದ ತಡೆ ಇಳಿಸಿ ನೀರು ನಿಲ್ಲಿಸಲಾಯಿತು. ಶಾಶ್ವತವೆಂದು ನಾವು ತಿಳಿದ ಕಟ್ಟಡಗಳಿಗೂ ಆಯುಸ್ಸು ಇದೆ ಎಂದು ಆ ವಾರ ನೆನಪಿಸಿತು.

ಹಂಪಿಯಲ್ಲೂ ಕೂಡುವ ರೀತಿ ಬದಲಾಗಿದೆ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಸ್ಮಾರಕಗಳ ರಕ್ಷಣೆ ಬಿಗಿಯಾಯಿತು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬಾಳುತ್ತಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು, ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. ಕಲ್ಲನ್ನು ಕಾಪಾಡಲೇಬೇಕು, ಸರಿ. ಆದರೆ ಒಂದು ಕಾಲಕ್ಕೆ ಬುತ್ತಿ ಬಿಚ್ಚುತ್ತಿದ್ದ, ಒಲೆ ಹೂಡುತ್ತಿದ್ದ ಮಂಟಪಗಳಲ್ಲಿ ಈಗ ಟಿಕೆಟ್ಟು ಕೊಂಡವರ ಓಡಾಟ. ಬಂಡಿಗಳ ಬದಲು ಬಸ್ಸು, ಕಾರು ಬಂದಿವೆ. ಬೆಳಗ್ಗೆ ಬಂದವರು ಸಂಜೆಗೆ ಹಿಂತಿರುಗುತ್ತಾರೆ. ಕೂಟದ ಸಾರ ಇದ್ದದ್ದು ರಾತ್ರಿ ಉಳಿಯುವುದರಲ್ಲಿ. ದೀಪ ಸಣ್ಣಗಾದ ಮೇಲೆ ಸೋದರತ್ತೆ ಹೇಳುವ ಹಳೆಯ ಕತೆ ಹಗಲಿನ ಫೋಟೊಗೆ ಸಿಗುವುದಿಲ್ಲ.

ಈಗ ಹೊಸಪೇಟೆಯ ಲಾಡ್ಜು, ರೆಸಾರ್ಟುಗಳಲ್ಲಿ ಕುಟುಂಬ ಸಮ್ಮಿಲನಗಳು ನಡೆಯುತ್ತಿವೆ. ವಾಟ್ಸ್ಆ್ಯಪ್ ಗುಂಪು ಮಾಡಿ, ಭಾನುವಾರ ನೋಡಿ, ತಲೆಗೆ ಇಷ್ಟೆಂದು ವಂತಿಗೆ ಹಾಕಿ ಜನ ಸೇರುತ್ತಾರೆ. ಸೇರುವ ಆಸೆ ಇನ್ನೂ ಸತ್ತಿಲ್ಲ ಎಂಬುದಕ್ಕೆ ಇದು ಗುರುತು. ಇದನ್ನು ಗೇಲಿ ಮಾಡುವ ಕಾರಣವಿಲ್ಲ. ಆದರೆ ಇಂಥ ಕೂಟಗಳು ಒಂದೆರಡು ವರ್ಷ ಅದ್ದೂರಿಯಾಗಿ ನಡೆದು ಮೂರನೆಯ ವರ್ಷ ನಿಂತುಹೋಗುವುದನ್ನೂ ನೋಡುತ್ತೇವೆ. ಮುಂದೆ ನಿಂತು ಓಡಾಡುತ್ತಿದ್ದ ಒಬ್ಬರು ಕೈಬಿಟ್ಟರೆ ಕೂಟವೂ ಬಿತ್ತು. ಅರಸನಿಲ್ಲದ ಮಹಾನವಮಿಯಂತೆ.

ಜಾತ್ರೆ ಕಲಿಸುವ ಪಾಠ ಸರಳವಾದದ್ದು. ಪ್ರತಿವರ್ಷವೂ ತಾನಾಗಿ ಬರುವ, ಯಾರ ಅನುಕೂಲಕ್ಕೂ ಬದಲಾಗದ ಒಂದು ದಿನ ಇರಲಿ. ರಕ್ತಸಂಬಂಧಿಗಳಷ್ಟೇ ಅಲ್ಲ, ಹಳೆಯ ಓಣಿಯವರಿಗೂ ಅಲ್ಲಿ ಜಾಗ ಇರಲಿ. ಹೆಳವನ ಪುಸ್ತಕದಂತೆ ಹೆಸರುಗಳನ್ನು ಬರೆದಿಡುವ ಒಬ್ಬರು ಇರಲಿ, ಹೆಣ್ಣುಮಕ್ಕಳ ಹೆಸರು, ಅವರ ಮಕ್ಕಳ ಹೆಸರು ಸೇರಿ. ಹಿರಿಯರನ್ನು ಒಮ್ಮೆಯಾದರೂ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿ ಕೇಳಿರಿ: ಯಾವ ಮನೆಯ ಪಕ್ಕದಲ್ಲಿ ಯಾವ ಮನೆ ಇತ್ತು?

ಮರಿಯಮ್ಮನಹಳ್ಳಿಯ ತೇರು ಎಳೆಯುವಾಗ ಹಗ್ಗ ಹಿಡಿದವರಲ್ಲಿ ಹೆಚ್ಚಿನವರು ಈಗ ಮುಳುಗಿದ ಊರನ್ನು ಕಂಡವರೇ ಅಲ್ಲ. ಅಪ್ಪ ಹಿಡಿದ ಹಗ್ಗವೆಂದು ಹಿಡಿಯುತ್ತಾರೆ. ಸಂಜೆ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಊಟಕ್ಕೆ ಕುಳಿತಾಗ ಯಾವುದೋ ಮೊಮ್ಮಗ ನಮ್ಮ ಊರು ಯಾವುದು ಎಂದು ಕೇಳಿದರೆ, ಹಿರಿಯರ ಬಾಯಲ್ಲಿ ಬರುವ ಹೆಸರು ಇಂದಿಗೂ ನಾರಾಯಣದೇವರಕೆರೆಯೇ.